ಕಪ್ಪು ಎರಡರ ತೂಗಾಟ

ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ ಎಂದೇ ಈ ಕಥೆಯನ್ನು ಶುರುಮಾಡಬೇಕು ಅಂದುಕೊಂಡಿದ್ದೆ. ಆದರೆ ನಮ್ಮ ಮನೆಯ ಗೋಡೆಗೂ ಗೊತ್ತಿರುವ ವಿಷಯವನ್ನು ಮುಚ್ಚಿಟ್ಟು ಏನು ಪ್ರಯೋಜನ? ನನ್ನ ಅಕ್ಕನ ಮಗ ಲೋಹಿತನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಉಣ್ಣುವಾಗ ಅವನ ಹೆಸರು ಬಂದರೆ ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು.

ನಾನು ಅರಕೆರೆಯ ಲಕ್ಷ್ಮಣಾಚಾರಿ. ಹುಟ್ಟಿದ್ದು ಅಕ್ಕಸಾಲಿಗರ ಮನೆಯಲ್ಲಿ, ಹೊಟ್ಟೆ ಹೊರೆದದ್ದು ಹಾರ್ಮೋನಿಯಂನಿಂದ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಯಾವ ಊರಲ್ಲಿ ಪೌರಾಣಿಕ ನಾಟಕ ಆಡಬೇಕೆಂದರೂ ಇಪ್ಪತ್ತೈದು ವರ್ಷದಿಂದ ನನ್ನನ್ನೇ ಕರೆಯುತ್ತಾರೆ. ಡ್ರಾಮಾ ಮೇಷ್ಟ್ರು ಅನ್ನುತ್ತಾರೆ. ಬೆಳಿಗ್ಗೆ ಕಬ್ಬು ಕಡಿದ ಕೈಗೆ ಸಂಜೆ ಗದೆ ಕೊಟ್ಟು, ಎಮ್ಮೆ ಕೂಗಿ ಕೂಗಿ ಒಡೆದ ಗಂಟಲಿಗೆ ಕಂದಪದ್ಯ ಹತ್ತಿಸಿ, ಮೂರು ತಿಂಗಳಲ್ಲಿ ಒಬ್ಬ ಗೌಡನನ್ನು ರಾಜನನ್ನಾಗಿ ಮಾಡಿ ವೇದಿಕೆಗೆ ಬಿಡುವುದು ನನ್ನ ಕೆಲಸ. ಶ್ರುತಿ, ತಾಳ, ಮಾತು, ನಡಿಗೆ ಎಲ್ಲವೂ ನನ್ನ ಕಾಲು ಹಾರ್ಮೋನಿಯಂ ಪೆಟ್ಟಿಗೆಯಿಂದಲೇ ಹುಟ್ಟಬೇಕು. ಕೆಳಗೆ ಎರಡು ತುಳಿಗೆ, ಮೇಲೆ ಕೀಗಳು. ಕಾಲು ಸಮವಾಗಿ ತುಳಿಯದಿದ್ದರೆ ಗಾಳಿ ಸಮವಾಗಿ ಹೋಗುವುದಿಲ್ಲ, ಸ್ವರ ಸಮವಾಗಿ ಬರುವುದಿಲ್ಲ. ನನ್ನ ಹತ್ತಿರ ಕಲಿಯಲು ಬಂದವರಿಗೆ ಮೊದಲ ಪಾಠವೇ ಇದು.

ಲೋಹಿತನೂ ನನ್ನ ಹತ್ತಿರ ಕಲಿತವನೇ. ಗಂಜಾಂನಲ್ಲಿರುವ ನನ್ನ ಅಕ್ಕ ವರಲಕ್ಷ್ಮಮ್ಮನ ಒಬ್ಬನೇ ಮಗ. ಬೇಸಿಗೆ ರಜೆಗೆ ಅರಕೆರೆಗೆ ಬಂದರೆ ನನ್ನ ಪಾಠ ಅರ್ಧ ಗಂಟೆ, ಮಿಕ್ಕ ದಿನವೆಲ್ಲ ಅವನು ನಮ್ಮಪ್ಪನ ಕೆಲಸದ ಮಣೆಯ ಪಕ್ಕ. ಅಪ್ಪ ಮುದ್ದಾಚಾರಿ ಚಿನ್ನದ ಕೆಲಸ ಮಾಡುತ್ತಾ ಕೂತಿದ್ದರೆ ಮೊಮ್ಮಗ ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ನನ್ನೊಡನೆ ದಿನಕ್ಕೆ ನಾಲ್ಕು ಮಾತಾಡದ ಅಪ್ಪ ಅವನ ಜೊತೆ ಗಂಟೆಗಟ್ಟಲೆ ಗುಸುಗುಸು ಅನ್ನುತ್ತಿದ್ದರು. ಅಪ್ಪನಿಗೆ ಚಿಕ್ಕಂದಿನಲ್ಲೇ ಜ್ವರ ಬಂದು ಬಲಗಾಲು ಸಣಕಲಾಗಿತ್ತು. ಹಜಾರದಲ್ಲಿ ಅವರ ಚಪ್ಪಲಿ ಸದ್ದು ಒಂದು ಗಟ್ಟಿ, ಒಂದು ಮೆಲ್ಲಗೆ ಕೇಳಿದರೆ ಸಾಕು, ಲೋಹಿತ ನನ್ನ ಪಾಠ ಬಿಟ್ಟು ಓಡುತ್ತಿದ್ದ. ನಾನು ಖಾಲಿ ಚಾಪೆ ನೋಡಿಕೊಂಡು ಕೂತಿರುತ್ತಿದ್ದೆ.

ದೊಡ್ಡವನಾದ ಮೇಲೆ ಲೋಹಿತ ಪಾಂಡವಪುರದ ಬಸ್ ಸ್ಟ್ಯಾಂಡ್ ಹಿಂದೆ ಮೈಕ್ ಸೆಟ್ಟು, ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟ. ಅಲ್ಲಿಗೆ ಯಾರೋ ಕೆಟ್ಟುಹೋದ ಹಳೆಯ ಸಿಂಥಸೈಸರ್ ತಂದು ಹಾಕಿ ಹೋದರು. ನಾವು ನಾಟಕಕ್ಕೆ ಬಳಸುವ ಕೀಬೋರ್ಡಿನ ಅಜ್ಜ ಅನ್ನಬಹುದು, ಮೈತುಂಬ ತಿರುಪು, ವೈರು. ಅದನ್ನು ಸರಿಮಾಡಿಕೊಂಡು ಅವನು ಎರಡು ವರ್ಷ ಏನೋ ಗೀಚಿದ. ಆಮೇಲೆ ಒಂದು ಆಲ್ಬಂ ಮಾಡಿ ಇಂಟರ್ನೆಟ್ಟಿಗೆ ಬಿಟ್ಟ. ಹೆಸರು 'ನಾಲೆ ನಿಂತ ದಿನ'.

ಎಪ್ಪತ್ತೆರಡು ನಿಮಿಷ. ಒಂದೇ ಪಟ್ಟು. ಹಾಡಿಲ್ಲ, ಪದವಿಲ್ಲ, ತಾಳವಿಲ್ಲ. ಉದ್ದುದ್ದನೆಯ ಸ್ವರಗಳು ಬರುತ್ತವೆ, ಇರುತ್ತವೆ, ಹೋಗುತ್ತವೆ. ನಾನು ಮೊದಲ ನಾಲ್ಕು ನಿಮಿಷ ಕೇಳಿ, ಹಾಡು ಯಾವಾಗ ಶುರುವಾಗುತ್ತದೆ ಎಂದು ನನ್ನ ಮಗಳು ಯಶಸ್ವಿನಿಯನ್ನು ಕೇಳಿದೆ.

"ಇದೇ ಕಣಪ್ಪ ಹಾಡು," ಅಂದಳು.

"ಇದಾ? ಇದು ಪಂಪ್‌ಸೆಟ್ಟು ಕೆಟ್ಟಂಗೈತೆ," ಅಂದೆ.

ಯಾರೂ ಕೇಳುವುದಿಲ್ಲ, ನಾಲ್ಕು ದಿನಕ್ಕೆ ತಣ್ಣಗಾಗುತ್ತಾನೆ ಅಂದುಕೊಂಡು ನೆಮ್ಮದಿಯಾಗಿದ್ದೆ. ಆದರೆ ಆರು ತಿಂಗಳಲ್ಲಿ ಎಲ್ಲಿ ನೋಡಿದರೂ ಅದೇ. ಪಾಂಡವಪುರದಲ್ಲಿ ಯೋಗ ಹೇಳಿಕೊಡುವ ಮೇಡಂ ಅದನ್ನು ಹಾಕಿ ಜನರನ್ನು ಮಲಗಿಸುತ್ತಾರಂತೆ. ಕೆ.ಆರ್. ಪೇಟೆಗೆ ಹಲ್ಲು ಕೀಳಿಸಲು ಹೋದರೆ ಅಲ್ಲೂ ಮೆಲ್ಲಗೆ ಅದೇ ಹರಿಯುತ್ತಿತ್ತು. ಡಾಕ್ಟರು, "ಇದು ನಮ್ಮ ಕಡೆ ಹುಡುಗನೇ ಮಾಡಿರೋದು, ಗೊತ್ತಾ? ಇದು ಬಂದ ಮೇಲೆ ಪೇಶಂಟುಗಳು ಹೆದರೋದೇ ನಿಂತೋಯ್ತು," ಎಂದು ನನಗೇ ಹೇಳಿದರು. ಬಾಯಿ ತುಂಬ ಹತ್ತಿ ಇದ್ದದ್ದರಿಂದ ನನಗೆ ಬೈಯಲಿಕ್ಕೂ ಆಗಲಿಲ್ಲ. ನನ್ನ ಇಪ್ಪತ್ತೈದು ವರ್ಷದ ಹಾಡುಗಳಲ್ಲಿ ಒಂದನ್ನೂ ಯಾವ ಡಾಕ್ಟರೂ ಯಾರ ಹಲ್ಲಿಗೂ ಹಾಕಿಲ್ಲ.

ಇದಾದ ಮೇಲೆ ಹೊರದೇಶದ ಕಥೆ. ಯಶಸ್ವಿನಿ ಫೋನು ಹಿಡಿದುಕೊಂಡು ಬಂದಳು. ಜಪಾನಿನಲ್ಲಿ ಒಬ್ಬ, ಕೊಚ್ಚಿಯಲ್ಲಿ ಒಬ್ಬಳು, ಇನ್ನೆಲ್ಲೋ ನಾಲ್ಕು ಜನ, ಲೋಹಿತನ ಆಲ್ಬಂ ಕೇಳಿ ಅದೇ ಥರ ತಾವೂ ಮಾಡುತ್ತಿದ್ದಾರಂತೆ. ಆ ಸಂಗೀತದ ಅಡಿಯಲ್ಲಿ ಉದ್ದಕ್ಕೂ ಗಾಳಿ ಉಬ್ಬಿ ಇಳಿಯುವ ಒಂದು ನಡೆ ಇದೆ. ಒಂದು ದೊಡ್ಡ ಉಸಿರು, ಒಂದು ಚಿಕ್ಕ ಉಸಿರು, ಮತ್ತೆ ದೊಡ್ಡದು, ಮತ್ತೆ ಚಿಕ್ಕದು. ಅದನ್ನು ತಮ್ಮ ಯಂತ್ರಗಳಲ್ಲಿ ತರಲು ಎಲ್ಲರೂ ಒದ್ದಾಡುತ್ತಿದ್ದಾರಂತೆ. ಅದಕ್ಕೆ 'ಲೋಹಿತ್ ಉಸಿರು' ಅಂತ ಹೆಸರು ಬೇರೆ ಇಟ್ಟಿದ್ದಾರಂತೆ.

"ಪೂರ್ತಿ ಓದಪ್ಪ, ಕೆಳಗೂ ಏನೋ ಬರ್ದವ್ನೆ," ಎಂದು ಅವಳು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಮೇಲೆ ದಪ್ಪ ಅಕ್ಷರದಲ್ಲಿ ಲೋಹಿತ್ ಅಂತಿತ್ತು. ಅಷ್ಟು ಓದಿದ್ದೇ ಸಾಕಾಯಿತು. ಫೋನು ಆಚೆ ತಳ್ಳಿ, "ಹಸುಗೆ ಹುಲ್ಲು ಹಾಕಿದ್ಯಾ ನೋಡೋಗು," ಅಂದೆ.

ನಿಜವಾಗಿ ಬೆಂಕಿ ಬಿದ್ದದ್ದು ಹೊಣಕೆರೆಯಲ್ಲಿ. ಅಲ್ಲಿ ನಾಟಕದ ಪ್ರಾಕ್ಟೀಸು ನಡೆಯುತ್ತಿತ್ತು. ಇಪ್ಪತ್ತು ವರ್ಷದಿಂದ ರಾಜಪಾರ್ಟು ಮಾಡುವ ಚಿಕ್ಕಯ್ಯ ಆ ಊರಿನ ಹಿರಿಯ. ಅವನ ಮಾತೆಂದರೆ ತಂಡದಲ್ಲಿ ಯಾರೂ ಎರಡು ಮಾತಾಡುವುದಿಲ್ಲ. ಭಾನುವಾರ ಮಧ್ಯಾಹ್ನ, ಟೀ ಕುಡಿಯುವಾಗ ಅವನು ನನ್ನ ಪಕ್ಕ ಬಂದು ಕೂತ.

"ಮೇಷ್ಟ್ರೇ, ರಾಜ ಒಬ್ನೇ ಕುಂತು ಯೋಚ್ನೆ ಮಾಡೋ ಸೀನ್ ಐತಲ್ಲ, ಅದುಕ್ಕೆ ಈ ಸಲ ನಿಮ್ಮ ಅಳಿಯನ ಸವುಂಡ್ ಹಾಕ್ಬುಡವಾ?"

"ನನ್ನ ಪೆಟ್ಗೆ ಏನಾಗೈತೆ?"

"ಏನೂ ಆಗಿಲ್ಲ. ಇದ್ರಲ್ಲಿ ಒಂಥರಾ ಐತೆ. ಕೇಳಿ," ಎಂದು ಫೋನನ್ನು ನನ್ನ ಕಿವಿಗೇ ಇಟ್ಟ.

ಊರ ಹಿರಿಯ ಕಿವಿಗೆ ಇಟ್ಟದ್ದನ್ನು ಕಿತ್ತು ಎಸೆಯಲಾಗುತ್ತದೆಯೇ? ಕೇಳಿದೆ. ಮೊದಲ ಸಲ ಕೇಳುವಾಗ ಎಲ್ಲೂ ನಿಲ್ಲದೆ ಬೈದುಕೊಂಡೇ ಕೇಳಿದ್ದೆ. ಈ ಸಲ ಕಿವಿ ಸುಮ್ಮನಿತ್ತು. ಸಿಂಥಸೈಸರಿನ ಸ್ವರಗಳ ಅಡಿಯಲ್ಲಿ, ಬುಡದಲ್ಲಿ, ಒಂದು ಹಿತ್ತಾಳೆಯ ಸ್ವರ ತೂಗುತ್ತಿತ್ತು. ಅದು ನನ್ನ ಪೆಟ್ಟಿಗೆ. ಅದು ನನ್ನ ಪೆಟ್ಟಿಗೆಯ ಕಪ್ಪು ಎರಡು.

ಮೈಯೆಲ್ಲ ಉರಿದರೂ ತೋರಿಸಿಕೊಳ್ಳದೆ ಫೋನು ಹಿಂದಕ್ಕೆ ಕೊಟ್ಟೆ. "ಏನ್ ಮಣ್ಣಾಂಗಟ್ಟಿ ಇದು ಚಿಕ್ಕಯ್ಯ. ತುಳಿಯೋಕೂ ಬರಲ್ಲ ಇವ್ನಿಗೆ. ಒಂದ್ ಕಾಲು ಗಟ್ಟಿ, ಒಂದ್ ಕಾಲು ಲೊಡ್ಡೆ. ನನ್ನ ಹತ್ರ ಮೊದ್ಲ್ ದಿನ ಬಂದೋನೂ ಇದ್ಕಿಂತ ಸಮ್ವಾಗ್ ತುಳೀತಾನೆ," ಅಂದೆ. ಸುತ್ತ ಇದ್ದವರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಯಿತು. ಆಮೇಲೆ ಹೋದ ಕಡೆಯಲ್ಲೆಲ್ಲ ಇದೇ ಮಾತು ಹೇಳಿದೆ, ಕಾಲು ಕುಂಟಿಸಿ ಆಡಿಯೂ ತೋರಿಸಿದೆ.

ಚಿಕ್ಕಯ್ಯ ಮಾತ್ರ ನಗಲಿಲ್ಲ. "ಸಮ ಇಲ್ದಿದ್ರೇ ಚೆಂದಾಗೈತೆ ಕಣ್ ಮೇಷ್ಟ್ರೇ. ಯಾರೋ ಹಿರೀಕ್ರು ನಡ್ಕಂಡ್ ಬಂದಂಗಾಯ್ತದೆ," ಅಂದ.

ಕಪ್ಪು ಎರಡರ, ಅಂದರೆ ಎರಡನೆಯ ಕಪ್ಪು ಕೀಯ, ವಿಷಯ ಹೇಳಬೇಕು. ಹಾರ್ಮೋನಿಯಂನಲ್ಲಿ ಒಂದು ಕೀ ಒತ್ತಿದರೆ ಒಳಗೆ ನಾಲಗೆಯಂಥ ಎರಡು ತೆಳು ಹಿತ್ತಾಳೆ ರೀಡು ಒಟ್ಟಿಗೆ ನುಡಿಯುತ್ತವೆ. ಎರಡೂ ಒಂದೇ ಸ್ವರದಲ್ಲಿರಬೇಕು. ಒಂದು ಕೂದಲೆಳೆ ಇಳಿದಿದ್ದರೂ ಸ್ವರ ನೆಟ್ಟಗೆ ನಿಲ್ಲದೆ ತೊಟ್ಟಿಲ ಹಾಗೆ ತೂಗುತ್ತದೆ. ರೀಡಿನ ತುದಿಯನ್ನು ಅರದಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ನಾನು ಮೇಷ್ಟ್ರಾದ ವರ್ಷ ಅಪ್ಪ ಮುಚ್ಚಿಹೋದ ಒಂದು ನಾಟಕ ಕಂಪನಿಯ ಹಳೆಯ ಪೆಟ್ಟಿಗೆ ತಂದು, ಚಿನ್ನದ ಕೆಲಸದ ಅರ ಹಿಡಿದು, ಒಂದೊಂದೇ ರೀಡನ್ನು ತಾವೇ ಶ್ರುತಿಗೆ ತಂದು ನನಗೆ ಕೊಟ್ಟರು. ಎಲ್ಲ ಕೀಗಳೂ ನೆಟ್ಟಗಿದ್ದವು. ಗಂಡಸರ ಹಾಡಿಗೆ ನಾನು ಆಧಾರ ಶ್ರುತಿಯಾಗಿ ಹಿಡಿಯುವ ಕಪ್ಪು ಎರಡು ಮಾತ್ರ ತೂಗುತ್ತಿತ್ತು.

"ಅಪ್ಪಾ, ಇದು ತಪ್ಪಾಗೈತೆ," ಅಂದೆ.

"ಇರ್ಲಿ ಬುಡು," ಅಂದರು.

ವರ್ಷಕ್ಕೆ ಎರಡು ಸಲವಾದರೂ ಹೇಳಿದೆ. ಇರ್ಲಿ ಬುಡು ಎಂಬುದೊಂದೇ ಉತ್ತರ. ನಾನೇ ಮುಟ್ಟಲು ಹೋದರೆ ಕಣ್ಣು ಕೆಂಪಗೆ ಮಾಡುತ್ತಿದ್ದರು. ಕೆ.ಆರ್. ಪೇಟೆಯಲ್ಲಿ ಒಮ್ಮೆ ತುಂಬಿದ ಸಭೆಯಲ್ಲಿ ಇನ್ನೊಬ್ಬ ಮೇಷ್ಟ್ರು, "ಏನಾಚಾರ್ರೇ, ನಿಮ್ಮ ಪೆಟ್ಗೆಗೆ ನೆಗಡಿಯಾ?" ಎಂದು ಕೇಳಿದ. ಅವತ್ತಿನಿಂದ ನಾನು ಕಪ್ಪು ಎರಡನ್ನು ಮುಟ್ಟುವುದೇ ಬಿಟ್ಟೆ. ಅರ್ಧ ಸ್ವರ ಕೆಳಗೆ ಹಿಡಿದು ಪಾಠ ಮಾಡಿದೆ. ಅಪ್ಪನ ಕಣ್ಣು ಮಂಜಾಗಿದೆ, ಕೈ ತಪ್ಪಿದ್ದನ್ನು ಒಪ್ಪಿಕೊಳ್ಳಲು ಜಂಭ ಬಿಡುತ್ತಿಲ್ಲ ಎಂದೇ ನಂಬಿದ್ದೆ. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಮೇಲೆ ಪೆಟ್ಟಿಗೆಗೆ ಬಟ್ಟೆ ಹೊದಿಸಿ ಮೂಲೆಗಿಟ್ಟು ಹೆಚ್ಚಾಗಿ ಕೀಬೋರ್ಡೇ ಒಯ್ಯುತ್ತಿದ್ದೆ.

ಈಗ ಯೋಚಿಸಿ. ಯಾವ ತಪ್ಪನ್ನು ನಾನು ಇಪ್ಪತ್ತೈದು ವರ್ಷ ಊರೂರಿಗೆ ಮುಚ್ಚಿಕೊಂಡು ತಿರುಗಿದೆನೋ, ಅದನ್ನೇ ಈ ಹುಡುಗ ಕದ್ದು ಹಿಡಿದು ಜಪಾನಿಗೆ ಕೇಳಿಸಿದ್ದಾನೆ. ಅದಕ್ಕೆ ಜನ ತಲೆದೂಗುತ್ತಿದ್ದಾರೆ. ನಮ್ಮಪ್ಪನ ಎಡವಟ್ಟನ್ನು ಮಾರಿ ಇವನು ಹೆಸರು ಮಾಡಿಕೊಂಡ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಅನ್ನಿಸಿದ್ದು ಬೇರೆ. ಆ ಪೆಟ್ಟಿಗೆ ನನ್ನದು. ನನ್ನ ಮುಂದೆಯೇ ಇತ್ತು. ನನಗೆ ಯಾಕೆ ಇದು ಹೊಳೆಯಲಿಲ್ಲ?

ಹದಿನೈದು ದಿನ ಕಳೆದು ಲೋಹಿತನೇ ಅರಕೆರೆಗೆ ಬಂದ. ಕೈಯಲ್ಲಿ ಬಾಳೆಹಣ್ಣು, ಮುಖದಲ್ಲಿ ಅದೇ ಪೆದ್ದು ನಗು. ಮೈಸೂರಿನ ಕೆಲವು ಹುಡುಗರು ಗಂಜಾಂನಲ್ಲಿ ಹೊಳೆ ದಂಡೆಯ ತೋಟವೊಂದರಲ್ಲಿ ಅವನ ಕಾರ್ಯಕ್ರಮ ಇಟ್ಟಿದ್ದರು. ಆಲ್ಬಂ ಪೂರ್ತಿ ಎದುರಿಗೇ ನುಡಿಸಬೇಕಂತೆ.

"ಮಾವ, ಪೆಟ್ಗೆ ಬೇಕಿತ್ತು. ನೀವೇ ಬಂದು ತುಳೀಬೇಕು. ನೀವು ತುಳುದ್ರೆ ನಾನು ಸಿಂಥಸೈಸರ್ ನೋಡ್ಕತೀನಿ."

"ನಂಗೇನ್ಲಾ ಬರ್ತದೆ ನಿನ್ನ ಹಾಡು. ತಾಳ ಇಲ್ಲ, ಮೇಳ ಇಲ್ಲ."

"ಏನಿಲ್ಲ ಮಾವ. ಕಪ್ಪೆರಡು ಒಂದ್ ಹಿಡ್ಕಂಡ್ರೆ ಸಾಕು. ಎಲ್ಲಾ ಅದ್ರ ಮ್ಯಾಲೇ ನಿಂತಿರಾದು."

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಆ ದಿನದ ರೆಕಾರ್ಡಿಂಗ್ ಬಗ್ಗೆ, ತಾತನ ಬಗ್ಗೆ ಏನೋ. ನಾನು, "ಆಯ್ತು ಬುಡ್ಲಾ, ಬತ್ತೀನಿ," ಎಂದು ಎದ್ದುಬಿಟ್ಟೆ. ಅವನ ಬಾಯಲ್ಲಿ ನಮ್ಮಪ್ಪನ ಮಾತು ಕೇಳುವುದು ನನಗೆ ಬೇಕಿರಲಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ಬಿಚ್ಚಿದೆ. ಅಪ್ಪನ ಕೆಲಸದ ಮಣೆಯ ಖಾನೆಯಿಂದ ಸಣ್ಣ ಅರ ತೆಗೆದೆ. ಏನು ಮಾಡುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಸುಳ್ಳು ಹೇಳುವುದಿಲ್ಲ. ನೂರು ಜನರ ಎದುರು ನನ್ನ ಪೆಟ್ಟಿಗೆಗೆ ನೆಗಡಿ ಅನ್ನಿಸಿಕೊಳ್ಳಬಾರದು ಎಂಬುದು ಒಂದು. ಅವನ ಆಲ್ಬಂ ನಿಂತಿರುವ ಕಾಲನ್ನೇ ಮುರಿಯಬೇಕು ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚಿತ್ತು ಅಂದರೆ, ಎರಡನೆಯದು.

ಇಳಿದಿದ್ದ ರೀಡಿನ ತುದಿಯನ್ನು ಉಜ್ಜಿದೆ. ಒಂದು ಉಜ್ಜು, ಒತ್ತಿ ನೋಡು. ಇನ್ನೊಂದು ಉಜ್ಜು, ಒತ್ತಿ ನೋಡು. ತೂಗಾಟ ನಿಧಾನವಾಗುತ್ತಾ ಬಂದು, ಆರನೆಯ ಉಜ್ಜಿಗೆ ನಿಂತುಹೋಯಿತು. ಕಪ್ಪು ಎರಡು ದಾರ ಎಳೆದ ಹಾಗೆ ನೆಟ್ಟಗೆ ನುಡಿಯಿತು. ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮಣೆಯ ಮೇಲೆ ಚಿಟಿಕೆಯಷ್ಟು ಹಿತ್ತಾಳೆ ಪುಡಿ ಬಿದ್ದಿತ್ತು. ಚಿನ್ನದ ಪುಡಿಯನ್ನು ಒಂದು ಕಣವೂ ಬಿಡದೆ ಬಳಿದಿಡುವ ಮನೆಯಲ್ಲಿ ಬೆಳೆದ ಕೈ, ಯೋಚನೆ ಮಾಡದೆ ಅದನ್ನೂ ಬಳಿದು ಕಾಗದದಲ್ಲಿ ಮಡಿಚಿ ಜೇಬಿಗೆ ಹಾಕಿಕೊಂಡಿತು.

ಮರುದಿನ ಗೂಡ್ಸ್ ಆಟೋದಲ್ಲಿ ಪೆಟ್ಟಿಗೆ ಹೇರಿಕೊಂಡು ಮಗಳ ಜೊತೆ ಗಂಜಾಂಗೆ ಹೋದೆ. ಅಕ್ಕ ಒಬ್ಬಟ್ಟು ಮಾಡಿದ್ದಳು. ಎರಡು ತಿಂದೆ, ಸಲೀಸಾಗಿ ಗಂಟಲಲ್ಲಿ ಇಳಿದವು. ಊಟವಾದ ಮೇಲೆ ಲೋಹಿತ ಹಜಾರದಲ್ಲಿ ಪೆಟ್ಟಿಗೆ ಇಟ್ಟು, ಮುಂದೆ ಮೈಕು ನಿಲ್ಲಿಸಿ, ಒಂದು ಸಲ ನೋಡಿಬಿಡೋಣ ಅಂದ. ನಾನು ಕೂತು ತುಳಿದೆ. ಅವನೇ ಕೈಚಾಚಿ ಕಪ್ಪು ಎರಡು ಒತ್ತಿದ.

ಸ್ವರ ನೆಟ್ಟಗೆ ಬಂತು. ಅವನು ಬೆರಳು ತೆಗೆದು ಮತ್ತೆ ಒತ್ತಿದ. ಬಗ್ಗಿ ಕೀಗಳನ್ನು ಎಣಿಸಿದ.

"ಮಾವ, ಇದು ಕಪ್ಪೆರಡೇ ತಾನೆ?"

"ಇನ್ನೇನ್ಲಾ. ಸರಿ ಮಾಡಿವ್ನಿ. ಇಪ್ಪತ್ತೈದ್ ವರ್ಷದ ದರಿದ್ರ ನಿನ್ನೆಗೆ ತೊಲಗ್ತು."

ಅವನು ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವನು ಕೂಗಾಡಲಿಲ್ಲ. ಹಾಗೇ ಗೋಡೆಗೆ ಒರಗಿ ನೆಲದ ಮೇಲೆ ಕೂತ.

"ತಾತ ಬೇಕಂತ್ಲೇ ಅಂಗ್ ಬುಟ್ಟಿದ್ರು ಮಾವ."

"ಏನು?"

"ಅದು ಕೈತಪ್ಪಿದ್ದಲ್ಲ. ಒಂದಿನ ನಾನೇ ಕೇಳ್ದೆ, ತಾತ ಇದೊಂದು ಯಾಕೆ ತೂಗ್ತದೆ ಅಂತ. ನಿಮ್ಮಾವ ಒಬ್ನೇ ಊರೂರಿಗೆ ಹೋಗ್ತಾನೆ, ಗೊತ್ತಿಲ್ದಿರೋ ಜನದ ಮಧ್ಯ ಒಬ್ನೇ ಕುಂತಿರ್ತಾನೆ. ಅವ್ನು ಆಧಾರ ಹಿಡಿಯೋ ಸ್ವರ ಒಂಟಿಯಾಗಿರ್ಬಾರ್ದು. ಜೊತೇಲಿ ಇನ್ನೊಬ್ರು ದನಿಗೂಡ್ಸಿದಂಗೆ ಇರ್ಲಿ ಅಂತ ಒಂದನ್ನ ಕೂದ್ಲೆಳೆ ಇಳಿಸಿವ್ನಿ ಅಂದ್ರು."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು.

"ಅಪ್ಪ ನಂಗ್ಯಾಕೆ ಯೋಳ್ಲಿಲ್ಲ?" ಎಂದು ಕೇಳಿದೆ.

"ಅದ್ನೂ ಕೇಳಿದ್ದೆ. ನಿಮ್ಮಾವ ತಪ್ಪು ಅಂದ, ಯಾಕೆ ಅಂತ ಒಂದಿನಾನೂ ಕೇಳ್ಲಿಲ್ಲ ಅಂದ್ರು."

ಆಮೇಲೆ ನಾನು ಮಾಡಿದ್ದು ಹುಚ್ಚರ ಕೆಲಸ. ಜೇಬಿನಿಂದ ಆ ಕಾಗದದ ಪೊಟ್ಟಣ ತೆಗೆದು ಬಿಚ್ಚಿ ಅವನ ಮುಂದೆ ಹಿಡಿದೆ. "ಪುಡಿ ಇಲ್ಲೇ ಐತೆ ಕಣ್ಲಾ. ಒಂಚೂರೂ ಚೆಲ್ಲಿಲ್ಲ," ಅಂದೆ. ಒಡವೆ ಕೊಟ್ಟವರಿಗೆ ನಮ್ಮಪ್ಪ ಹೇಳುತ್ತಿದ್ದ ಮಾತು ಅದು. ಚಿನ್ನವಾದರೆ ಪುಡಿಯನ್ನು ಕರಗಿಸಿ ಮತ್ತೆ ಸೇರಿಸಬಹುದು. ಲೋಹಿತ ಪುಡಿಯನ್ನು ನೋಡಿದ, ನನ್ನನ್ನು ನೋಡಿದ.

"ತಡಿ, ಬುಡ ಉಜ್ಜುದ್ರೆ ಇಳೀತದೆ. ಮತ್ತೆ ಅಂಗೇ ತರ್ತೀನಿ," ಎಂದು ಆಟೋದಲ್ಲಿದ್ದ ನನ್ನ ರಿಪೇರಿ ಚೀಲದಿಂದ ಅರ ತರಿಸಿ ಕೂತೆ. ಲೋಹಿತ ತನ್ನ ಆಲ್ಬಂ ಹಾಕಿದ, ಅದನ್ನು ಕೇಳುತ್ತಾ ನಾನು ರೀಡಿನ ಬುಡ ಉಜ್ಜಿದೆ. ತೂಗಾಟ ಬಂತು. ಆದರೆ ಅವಸರದ್ದು. ಅಪ್ಪನದು ನಿಧಾನ, ಒಂದು ಉಸಿರಿಗೆ ಒಂದು ತೂಗು. ನನ್ನದು ಚಳಿಯಲ್ಲಿ ಹಲ್ಲು ಕಟಕಟಿಸಿದ ಹಾಗಿತ್ತು. ತುದಿ ಉಜ್ಜಿದೆ, ಏರಿತು. ಬುಡ ಉಜ್ಜಿದೆ, ಇಳಿಯಿತು. ಗಂಟೆ ನಾಲ್ಕಾಯಿತು.

"ಸಾಕು ಬುಡಿ ಮಾವ, ತೆಳ್ಳಗಾಗೈತೆ," ಅಂದ ಲೋಹಿತ.

"ಸುಮ್ನಿರ್ಲಾ, ನಮ್ಮಪ್ಪಂದು ನಂಗೊತ್ತಿಲ್ವಾ," ಎಂದು ಇನ್ನೊಂದು ಸಲ ಉಜ್ಜಿದೆ. ಟಿಣ್ ಎಂದು ರೀಡು ಮುರಿದು ನನ್ನ ಮಡಿಲಿಗೆ ಬಿತ್ತು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಅವಳು ಸೆರಗಲ್ಲಿ ಕಣ್ಣು ಒರೆಸಿಕೊಂಡು, "ಕಾಫಿ ಇಡ್ತೀನಿ ಲಕ್ಷ್ಮಣ," ಎಂದು ಒಳಗೆ ಹೋದಳು. ಲೋಹಿತ ಮೈಕಿನ ವೈರು ಸುತ್ತಿಡುತ್ತಾ, "ಇರ್ಲಿ ಬುಡಿ ಮಾವ," ಅಂದ. ಥೇಟ್ ನಮ್ಮಪ್ಪನ ದನಿಯಲ್ಲೇ ಅಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಹೊಳೆ ದಂಡೆಯ ತೋಟದಲ್ಲಿ ಚಾಪೆ ಹಾಸಿದ್ದರು. ನೂರಕ್ಕೆ ಹತ್ತಿರ ಜನ. ಬೆಂಗಳೂರು, ಪುಣೆ ಅಂತ ಎಲ್ಲಿಂದಲೋ ಬಂದ ಹುಡುಗ ಹುಡುಗಿಯರು ಕಾಲು ಚಾಚಿ ಮಲಗಿಯೇ ಕೇಳುತ್ತಿದ್ದರು. ಪೆಟ್ಟಿಗೆಯ ರೀಡು ಮುರಿದಿದ್ದರಿಂದ ಲೋಹಿತ ಹಳೆಯ ರೆಕಾರ್ಡಿಂಗನ್ನೇ ಅಡಿಗೆ ಹಾಕಿಕೊಂಡು ಅದರ ಮೇಲೆ ಸಿಂಥಸೈಸರ್ ನುಡಿಸಿದ. ನಾನು ಕೊನೆಯ ಸಾಲಿನಲ್ಲಿ, ಯಶಸ್ವಿನಿಯ ಪಕ್ಕ ಕೂತಿದ್ದೆ. ಎದ್ದು ಹೋಗಲು ಮುಖವಿರಲಿಲ್ಲ. ಹೀಗಾಗಿ ಜೀವನದಲ್ಲಿ ಮೊದಲ ಸಲ ಆ ಆಲ್ಬಂ ಪೂರ್ತಿ ಕೇಳಿದೆ.

ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿದ ದಿನ ಅರಕೆರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ನೀರಿನ ಸದ್ದಿಲ್ಲ, ಪಂಪ್‌ಸೆಟ್ಟಿಲ್ಲ, ಮನೆಯೊಳಗೆ ಸೂಜಿ ಬಿದ್ದರೂ ಕೇಳುತ್ತದೆ. ಅಂಥ ಒಂದು ಮಧ್ಯಾಹ್ನ ನಾನು ಎಲ್ಲೋ ಪ್ರಾಕ್ಟೀಸಿಗೆ ಹೋದಾಗ ಲೋಹಿತ ಇದನ್ನು ರೆಕಾರ್ಡಿಂಗಿಗೆ ಹಿಡಿದಿದ್ದಾನೆ. ಕಪ್ಪು ಎರಡು ತೂಗುತ್ತಿತ್ತು, ಒಂದು ದನಿ ಮುಂದೆ ಹೋದರೆ ಇನ್ನೊಂದು ಬಂದು ಸೇರಿಕೊಳ್ಳುತ್ತಿತ್ತು. ಅದರ ಕೆಳಗೆ ಪೆಟ್ಟಿಗೆಯ ತಿದಿ ಉಸಿರಾಡುತ್ತಿತ್ತು. ಒಂದು ದೊಡ್ಡದು, ಒಂದು ಚಿಕ್ಕದು. ಒಂದು ಗಟ್ಟಿ, ಒಂದು ಮೆಲ್ಲಗೆ.

ಇಪ್ಪತ್ತು ನಿಮಿಷ ಕೇಳಿರಬೇಕು. ಹಜಾರದಲ್ಲಿ ಚಪ್ಪಲಿ ಸದ್ದು ಕೇಳಿದ ಹಾಗಾಗಿ ನಾನು ತಿರುಗಿ ನೋಡಿದೆ. ಹಿಂದೆ ತೆಂಗಿನ ಮರ ಬಿಟ್ಟರೆ ಯಾರೂ ಇರಲಿಲ್ಲ.

"ಇದ್ನ ತುಳ್ದಿರಾದು ಯಾರು?" ಎಂದು ಮಗಳ ಕಿವಿಯಲ್ಲಿ ಕೇಳಿದೆ.

ಅವಳು ಫೋನು ತೆಗೆದು, ಆಲ್ಬಮ್ಮಿನ ಪುಟವನ್ನು ಕೆಳಗೆ, ಇನ್ನೂ ಕೆಳಗೆ ಸರಿಸಿ, ಕೊನೆಯ ಸಾಲು ತೋರಿಸಿದಳು. ಕನ್ನಡದಲ್ಲೇ ಇತ್ತು. 'ಹಾರ್ಮೋನಿಯಂ ಶ್ರುತಿ ಮಾಡಿ, ತುಳಿದವರು: ನನ್ನ ತಾತ ಮುದ್ದಾಚಾರಿ, ಅರಕೆರೆ. ಪೆಟ್ಟಿಗೆ: ನನ್ನ ಗುರು ಲಕ್ಷ್ಮಣಾಚಾರಿಯವರದು.'

"ಅವತ್ತೇ ಓದಪ್ಪ ಅಂದಿದ್ದೆ," ಅಂದಳು.

ಒಂದ್ ಕಾಲು ಗಟ್ಟಿ, ಒಂದ್ ಕಾಲು ಲೊಡ್ಡೆ. ಹೊಣಕೆರೆಯಲ್ಲಿ ಅಂದಿದ್ದೆ. ಪಾಂಡವಪುರದಲ್ಲಿ ಅಂದಿದ್ದೆ. ಕಾಲು ಕುಂಟಿಸಿ ಆಡಿ ತೋರಿಸಿ ನಗಿಸಿದ್ದೆ. ಮಗಳು ನೋಡುತ್ತಾಳೆ ಎಂದೂ ಲೆಕ್ಕಿಸದೆ ಟವೆಲಿನಿಂದ ಮುಖ ಮುಚ್ಚಿಕೊಂಡು ಮಿಕ್ಕ ಐವತ್ತು ನಿಮಿಷ ಕೇಳಿದೆ.

ಮುಗಿದ ಮೇಲೆ ಜನ ಲೋಹಿತನನ್ನು ಮುತ್ತಿಕೊಂಡರು. ಪುಣೆಯಿಂದ ಬಂದಿದ್ದ ಒಬ್ಬ ಗಡ್ಡದ ಹುಡುಗ ಅವನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆ ಉಸಿರನ್ನು ತನ್ನ ಸಿಂಥಸೈಸರಿನಲ್ಲಿ ತರಲು ವರ್ಷದಿಂದ ಪ್ರಯತ್ನ ಪಡುತ್ತಿದ್ದಾನಂತೆ. ದಿನವೂ ಮಲಗುವ ಮುಂಚೆ ಆಲ್ಬಂ ಪೂರ್ತಿ ಕೇಳುತ್ತಾನಂತೆ. ಎಷ್ಟು ಮಾಡಿದರೂ ಸಮ ಬಂದುಬಿಡುತ್ತದಂತೆ. ಅದು ಹೇಗೆ ಮಾಡುವುದು ಎಂದು ಕೇಳಿದ. ಲೋಹಿತ ನನ್ನ ಕಡೆ ಕೈ ತೋರಿಸಿ, "ಅದು ಅವ್ರ ತಂದೇದು. ಅವ್ರನ್ನೇ ಕೇಳಿ," ಅಂದ.

ಹುಡುಗ ಓಡಿ ಬಂದು ನನ್ನ ಕಾಲು ಮುಟ್ಟಿದ. ಹೇಳಿಕೊಡಿ ಎಂದು ಕೈ ಮುಗಿದು ನಿಂತ. ನಾಲ್ಕು ತಾಲ್ಲೂಕಿನ ಮೇಷ್ಟ್ರು ನಾನು. ನನಗೆ ಗೊತ್ತಿಲ್ಲಪ್ಪ ಅಂದೆ.

ನಿರಾಸೆಯಿಂದ ಹಿಂದಕ್ಕೆ ಹೋಗುತ್ತಿದ್ದ ಅವನನ್ನು ನೋಡುತ್ತಾ ನಿಂತೆ. ಅಷ್ಟೆಲ್ಲ ಆದ ಮೇಲೂ, ನಾಚಿಕೆಗೆಟ್ಟ ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು ಎದ್ದಿತು. ಆ ಹುಡುಗ ಒಂದು ವರ್ಷದಿಂದ ದಿನವೂ ನಮ್ಮಪ್ಪನ ಹೆಜ್ಜೆ ಕೇಳುತ್ತಿದ್ದ.